ಅಣ್ಣ ಮಾಡಿಸಿದ ಸೈಕಲ್ ದಾರಿ

ಹೆಗಲ ಮೂಳೆ ಮುರಿದದ್ದು ನನ್ನ ಗಂಡನಿಗೆ, ನೊಂದವನಂತೆ ಮುಖ ಮಾಡಿಕೊಂಡು ಬಂದದ್ದು ನನ್ನ ಅಣ್ಣ. ಕೈಯಲ್ಲಿ ಸೇಬಿನ ಚೀಲ. ಕಾರನ್ನು ಮಾತ್ರ ತಾನೇ ಹಸಿರು ಬಣ್ಣ ಬಳಿಸಿದ ಸೈಕಲ್ ದಾರಿಯ ಮೇಲೆ ನಿಲ್ಲಿಸಿ ಬಂದಿದ್ದ.

ಅಣ್ಣ ನಗರಸಭೆಯಲ್ಲಿ ರಸ್ತೆ ಎಂಜಿನಿಯರ್. ಎರಡು ವರ್ಷದ ಹಿಂದೆ, ಸೈಕಲ್ ದಾರಿ ಹೇಗಿರುತ್ತದೆ ಎಂದು ನೋಡಿ ಬರಲು ಕಚೇರಿಯವರು ಅವನನ್ನು ನೆದರ್‌ಲ್ಯಾಂಡ್ಸಿಗೆ ಕಳಿಸಿದ್ದರು. ಬಂದವನು ನಮ್ಮ ಊಟದ ಮೇಜಿನ ಮೇಲೆ ಬೆಂಕಿಪೊಟ್ಟಣಗಳನ್ನು ಸಾಲಾಗಿಟ್ಟು ನಮಗಿಬ್ಬರಿಗೂ ಪಾಠ ಮಾಡಿದ್ದ. "ನೋಡೇ, ಇವು ನಿಂತಿರೋ ಕಾರುಗಳು. ಸೈಕಲ್ ಇವುಗಳ ಒಳಗಡೆ, ಫುಟ್‌ಪಾತ್ ಪಕ್ಕ ಹೋಗುತ್ತೆ. ನಡುವೆ ಕಾರಿನ ಬಾಗಿಲು ತೆಗೆಯೋಷ್ಟು ಅಗಲ ಒಂದು ಕಟ್ಟೆ. ಓಡೋ ಲಾರಿಗೂ ಸೈಕಲ್ಲಿಗೂ ಮಧ್ಯೆ ಕಾರುಗಳೇ ಗೋಡೆ." ಅವತ್ತು ನನಗೂ ಹೆಮ್ಮೆಯಾಗಿತ್ತು, ಸುಳ್ಳೇಕೆ ಹೇಳಲಿ.

ಆಮೇಲೆ ಅಂಗಡಿಯವರು ಗಲಾಟೆ ಎಬ್ಬಿಸಿದರು. ಗಿರಾಕಿ ಕಾರಿಳಿದರೆ ಕಾಲು ಸೀದಾ ಅಂಗಡಿ ಮೆಟ್ಟಿಲ ಮೇಲೇ ಬೀಳಬೇಕಂತೆ. ಅಣ್ಣ ಅವರು ಹೇಳಿದಂತೆ ನಕ್ಷೆ ತಿದ್ದಿ ಕಾರುಗಳನ್ನು ಒಳಗೆ, ಫುಟ್‌ಪಾತ್ ಪಕ್ಕಕ್ಕೆ ತಂದ, ಸೈಕಲ್ಲನ್ನು ಹೊರಗೆ, ಲಾರಿಗಳ ಕಡೆಗೆ ದಬ್ಬಿದ, ಕಟ್ಟೆಯ ಬದಲು ಬಣ್ಣ ಬಳಿಸಿದ. ರಿಬ್ಬನ್ ಕತ್ತರಿಸಿದ ದಿನ ಅದನ್ನೇ ನೆದರ್‌ಲ್ಯಾಂಡ್ಸ್ ಮಾದರಿ ಎಂದು ಮೈಕಿನಲ್ಲಿ ಹೇಳಿದರು.

ನಮ್ಮ ಮನೆಯವರು ತಮ್ಮ ಕ್ಷೌರದ ಅಂಗಡಿಗೆ ಆ ದಾರಿಯಲ್ಲೇ ಹೋಗುತ್ತಿದ್ದರು. ಭಾವ ಮಾಡಿಸಿದ್ದು ಎಂಬ ಮರ್ಯಾದೆ ಬೇರೆ. ಕಳೆದ ವಾರ ಯಾರೋ ಫೋನಿನಲ್ಲಿ ಹರಟುತ್ತ ಕಾರಿನ ಬಾಗಿಲನ್ನು ಇವರ ಸೈಕಲ್ಲಿಗೆ ಅಡ್ಡವಾಗಿ ದಢಾರನೆ ತೆರೆದರು. ಈಗ ಇವರಿಗೆ ಬಲಗೈ ಎತ್ತಲಾಗುವುದಿಲ್ಲ. ಕೈ ಎತ್ತಲಾಗದ ಕ್ಷೌರಿಕನಿಗೆ ಯಾರು ತಲೆ ಕೊಡುತ್ತಾರೆ?

ಅಣ್ಣ ಕುರ್ಚಿ ಎಳೆದುಕೊಂಡು ಕೂತ. "ನಾಳೆ ಸಭೆ ಇದೆ ಭಾವ. ಈ ದಾರಿ ತೆಗೆದು ಪಾರ್ಕಿಂಗ್ ಮಾಡ್ತಿದೀವಿ. ನೀವು ಹೀಗೇ ಕೈಗೆ ಪಟ್ಟಿ ಕಟ್ಕೊಂಡು ಬಂದು ಈ ದಾರಿ ಅಪಾಯ ಅಂತ ಒಂದು ಮಾತು ಹೇಳಿದ್ರೆ ಸಾಕು. ಆ ದೇಶದ್ದು ಇಲ್ಲಿ ನಡೆಯಲ್ಲ. ನಮ್ಮ ಜನ ಸರಿಯಿಲ್ಲ."

ನನ್ನ ಮೈಯೆಲ್ಲ ಉರಿದುಹೋಯಿತು. "ಅಲ್ಲಿಂದ ನೀನು ತಂದಿದ್ದೇನು? ಹೆಸರು ಮಾತ್ರ," ಎಂದೆ. "ನಡೆಯುತ್ತೋ ಇಲ್ವೋ ಅಂತ ಗೊತ್ತಾಗೋಕೆ ಮೊದ್ಲು ಅದನ್ನ ಕಟ್ಟಬೇಕಲ್ಲ. ಇರೋದನ್ನೂ ಕಿತ್ತಾಕಿದ್ರೆ ಇವರು ಕೆಲಸಕ್ಕೆ ಹೋಗೋದು ಎಲ್ಲಿ? ಲಾರಿ ಚಕ್ರದ ಕೆಳಗಾ?"

"ಬಸ್ ಇದೆಯಲ್ಲ. ನಿಂಗೆ ಇವೆಲ್ಲ ಅರ್ಥ ಆಗಲ್ಲ, ಸುಮ್ನಿರೇ."

ಮದುವೆಯಾದಾಗಿನಿಂದ ಇವರು ನಮ್ಮಣ್ಣನಿಗೆ ಎದುರಾಡಿದವರಲ್ಲ. ಅಣ್ಣ ಅಷ್ಟು ಧೈರ್ಯವಾಗಿ ಬಂದದ್ದೂ ಅದಕ್ಕೇ. "ಬರ್ತೀನಿ ಭಾವ," ಎಂದರು ಇವರು. ನನಗೆ ಇವರ ಮೇಲೂ ಸಿಟ್ಟು ಬಂತು. ಅಷ್ಟರಲ್ಲಿ ಮತ್ತೆ ಬಾಯಿ ತೆರೆದರು. "ಹೇಗೆ ಬಿದ್ದೆ ಅಂತ ಹೇಳ್ತೀನಿ. ಕಾರುಗಳನ್ನ ಒಳಗೆ ತಂದಿದ್ದು ಯಾರು ಅಂತಾನೂ ಹೇಳ್ತೀನಿ."

ಅಣ್ಣ ಬೈಯಲಿಲ್ಲ. ಎದ್ದು ನಿಂತು ಪ್ಯಾಂಟಿನ ಸುಕ್ಕು ಸರಿಮಾಡಿಕೊಂಡ. "ಹಾಗಾದ್ರೆ ನೀವು ರೆಸ್ಟ್ ತಗೊಳ್ಳಿ ಭಾವ. ನಿಮ್ಮ ಎಕ್ಸ್‌ರೇ ಫೋಟೋ ನನ್ನ ಫೋನಲ್ಲಿ ಇದೆ. ಸಭೇಲಿ ಅದನ್ನೇ ತೋರಿಸ್ತೀನಿ."

ಇವರು ನನ್ನ ಮುಖ ನೋಡಿದರು. ಆಸ್ಪತ್ರೆಯಲ್ಲಿ ಕೈಕಾಲು ಆಡದೆ ನಿಂತಿದ್ದಾಗ ಆ ಫೋಟೋ ತೆಗೆದು ಅವನಿಗೆ ಕಳಿಸಿದ್ದು ನಾನೇ. ಅಂಥ ಹೊತ್ತಿನಲ್ಲಿ ಅಣ್ಣನಿಗಲ್ಲದೆ ಇನ್ಯಾರಿಗೆ ಕಳಿಸಬೇಕಿತ್ತು?