ಒಂದು ಗೇಣು ಸಂದಿ

ಎಣ್ಣೆ ತೊಟ್ಟಿಕ್ಕುತ್ತಿದೆ, ಗರಿಕೆಯ ತುದಿಯಿಂದ ಒಂದೊಂದೇ ಹನಿ, ಕೆಮ್ಮಣ್ಣು ಸಾರಿಸಿದ ನೆಲ ಕುಡಿದುಬಿಡುತ್ತದೆ, ಕುಡಿಯಲಿ, ಈ ಸಲ ತಂಬಿಗೆ ತುಂಬ ತಂದಿದ್ದೇನೆ — ಚಾಪೆಯ ಮೇಲೆ ತಮ್ಮ ಖಗೇನ್ ಒಬ್ಬನೇ, ಪಕ್ಕದಲ್ಲಿ ಅಣ್ಣ ಕೂರುತ್ತಿದ್ದ ಜಾಗ ಖಾಲಿ, ಭಾಯಿಟೀಕಾದ, ಅಣ್ಣತಮ್ಮಂದಿರಿಗೆ ತಿಲಕ ಇಡುವ ಹಬ್ಬದ ಮುಹೂರ್ತ ಹನ್ನೊಂದು ಐವತ್ತೈದಕ್ಕೆ ಎಂದು ರೇಡಿಯೊದವನು ಬೆಳಗಿನಿಂದ ಹತ್ತು ಸಲ ಹೇಳಿದ್ದಾನೆ, ಈ ಬಾಗ್ಲುಂಗ್ ಊರಿನ ಅಕ್ಕತಂಗಿಯರೆಲ್ಲ ಈಗ ಹೀಗೇ ಸುತ್ತುತ್ತಿರಬೇಕು, ಅಣ್ಣತಮ್ಮಂದಿರ ಸುತ್ತ ಎಣ್ಣೆಗೆರೆ, ಯಮ ದಾಟದ ಗೆರೆ, ತುದಿಗೆ ತುದಿ ಕೂಡ್ಬೇಕು ಕಣೇ ತುಳಸಾ, ಇಲ್ದಿದ್ರೆ ಎಳೆದೂ ಎಳೀದ ಹಾಗೆ, ಅಜ್ಜಿ ಹೇಳುತ್ತಿದ್ದಳು, ಗೊತ್ತಿತ್ತು ನನಗೆ, ಗೊತ್ತಿದ್ದೂ ಬಿಟ್ಟೆ. ಎರಡು ವರ್ಷದ ಹಿಂದೆ, ಇದೇ ಚಾಪೆ, ಇಬ್ಬರೂ ಕೂತಿದ್ದರು, ದಧಿರಾಮಣ್ಣ ಯಾವತ್ತಿನ ಹಾಗೆ ತಡ, ಜೀಪಿನ ಟ್ರಿಪ್ ಮುಗಿಸಿ ಬರುವಾಗ ಗಂಟೆ ಎರಡು, ತಿಲಕ ಇಡುವವರೆಗೆ ನಾನು ನೀರೂ ಮುಟ್ಟುವಂತಿಲ್ಲ, ಹೊಟ್ಟೆ ಚುರುಗುಟ್ಟುತ್ತಿತ್ತು, ಮೈಯೆಲ್ಲ ಸಿಟ್ಟು, ಮೇಲಿಂದ ಅವನ ತಮಾಷೆ, ಏನೇ ಇದು ನಿನ್ನ ಸೇಲ್ ರೋಟಿ, ಟೈರ್ ಪಂಚರಾದ್ರೆ ಇದನ್ನೇ ಹಾಕ್ಕೋಬಹುದು — ಎಣ್ಣೆಯೆಲ್ಲ ಆ ಬಳೆಯಂಥ ರೋಟಿ ಕರಿಯಲು ಹೋಗಿತ್ತು, ತಂಬಿಗೆಯಲ್ಲಿ ತಳಮಟ್ಟ, ಮೊದಲ ಸುತ್ತಿನಲ್ಲೇ ಅವರ ಬೆನ್ನ ಹಿಂದೆ ಮುಗಿಯಿತು, ಕೂಡಲು ಇನ್ನೊಂದು ಗೇಣು ಬೇಕಿತ್ತು, ಬಾಟಲಿ ಅಡುಗೆಮನೆಯಲ್ಲಿತ್ತು, ಹತ್ತು ಹೆಜ್ಜೆ, ಹೋಗಲಿಲ್ಲ ನಾನು, ಇವನಿಗಾಗಿ ಇನ್ನೆಷ್ಟು ಓಡಾಡಲಿ ಅಂದುಕೊಂಡೆ, ಉಳಿದೆರಡು ಸುತ್ತು ಬರಿ ಗರಿಕೆ ಆಡಿಸಿ ನಟಿಸಿದೆ. ಬೆನ್ನ ಹಿಂದಿನ ಸಂದಿ ಯಾರಿಗೆ ಕಾಣುತ್ತದೆ.

ಅದಾಗಿ ಇಪ್ಪತ್ತು ದಿನ. ಬೇನಿ ದಾರಿಯ ತಿರುವಿನಲ್ಲಿ ಅಣ್ಣನ ಜೀಪು ಹೊಳೆಗೆ ಉರುಳಿತು, ಮಂಜು ಅಂದರು, ಬ್ರೇಕು ಅಂದರು, ಯಮ ಯಾವ ದಾರಿಯಲ್ಲಿ ಬಂದ ಎಂದು ನನಗೆ ಗೊತ್ತಿತ್ತಲ್ಲ, ಆಮೇಲೆ ಎಲ್ಲಿ ನೋಡಿದರೂ ಅದೇ ಸಂದಿ, ಬಾಣಲೆಗೆ ಹಿಟ್ಟನ್ನು ಬಳೆಯಾಗಿ ಬಿಡುವಾಗ ತುದಿ ಕೂಡದಿದ್ದರೆ ಬಾಣಲೆ ಇಳಿಸಿಬಿಡುತ್ತಿದ್ದೆ, ರೋಟಿ ಮಾಡುವುದನ್ನೇ ಬಿಟ್ಟೆ — ಆ ಗೆರೆಯೊಳಗೆ ಇಬ್ಬರಿದ್ದರು, ಒಬ್ಬನನ್ನು ಕರೆದೊಯ್ದ, ಇನ್ನೊಬ್ಬನ ಲೆಕ್ಕ ತೀರಿತೇ, ಕಳೆದ ಸಲ ವರ್ಷದ ಸೂತಕ ಮುಗಿದಿಲ್ಲವೆಂದು ಹಬ್ಬವಿಲ್ಲ, ಗೆರೆಯಿಲ್ಲ, ಖಗೇನ್ ಈಗ ಅದೇ ದಾರಿಯಲ್ಲಿ ಜೀಪು ಓಡಿಸುತ್ತಾನೆ, ಬೇಡವೆಂದರೆ ಕೇಳಿದನೇ, ನಾಳೆ ಬೆಳಿಗ್ಗೆ ಮತ್ತೆ ಹೊರಡುತ್ತಾನೆ, ಸುತ್ತು, ಇನ್ನೊಂದು ಸುತ್ತು, ಹನಿ ಹನಿಯ ಮೇಲೆ ಬೀಳಲಿ, ಇದೆಷ್ಟನೆಯದು, ನಾಲ್ಕೋ ಐದೋ, ಮೂರು ಸುತ್ತು ಸಾಕಕ್ಕ, ನಾನೇನ್ ಗಾಣದ ಕಂಬಾನಾ, ನೀನೇನ್ ಎತ್ತಾ, ತಿಲಕ ಇಡು ಬಾ, ನಗುತ್ತಿದ್ದಾನೆ, ಅಣ್ಣನದೇ ನಗು, ಅಕ್ಕಾ, ಯಾಕೆ ಅಳ್ತಿದ್ದೀಯ — ಆವತ್ತು ಗೆರೆ ಕೂಡಿರ್ಲಿಲ್ಲ ಕಣೋ, ಹೇಳಿಬಿಟ್ಟೆನೇ, ನನ್ನ ಬಾಯಿಂದಲೇ ಬಂತೇ, ಎಣ್ಣೆ ಮುಗ್ದಿತ್ತು, ಎದ್ದು ಹೋಗ್ಲಿಲ್ಲ, ನಾನೇ ಕೊಂದೆ ಅವನ್ನ. ಖಗೇನ್ ತಂಬಿಗೆಯನ್ನು ನನ್ನ ಕೈಯಿಂದ ತೆಗೆದುಕೊಂಡ, ನೆಲ ನೋಡುತ್ತಾನೆ, ಮುಖ ನೋಡುವುದಿಲ್ಲ, ಗೊತ್ತಕ್ಕ, ಅನ್ನುತ್ತಾನೆ, ಗೊತ್ತು ಅಂದರೆ ಏನೋ ಎಂದೆ, ಆವತ್ತು ನೀನು ಶಾಸ್ತ್ರಕ್ಕೆ ಹೊಸಿಲ ಹತ್ರ ಅಕ್ರೋಟು ಒಡೀತಿದ್ದೆ, ಅಣ್ಣ ಹಿಂದೆ ತಿರುಗಿ ನೋಡ್ದ, ಸಂದಿ ನನ್ನ ಬೆನ್ನಿಗಿತ್ತು ಅಕ್ಕ, ನನ್ನ ಬೆನ್ನಿಗೆ, ಏಯ್ ಸರಿಯೋ ಈಚೆ ಅಂತ ನನ್ನ ರಟ್ಟೆ ಹಿಡಿದು ಎಳ್ದು ಅವನು ಅಲ್ಲಿ ಕೂತ, ಯಮ ಬಂದ್ರೆ ಮೊದ್ಲು ನನ್ನತ್ರ ಮಾತಾಡ್ಲಿ ಅಂದ, ಅವಳಿಗೆ ಹೇಳ್ಬೇಡ, ಬೆಳಿಗ್ಗೆಯಿಂದ ಉಪವಾಸ ಇದಾಳೆ, ಮತ್ತೆ ಏಳೋದು ಬೇಡ ಅಂದ — ಅಣ್ಣ ನೋಡಿದ್ದ, ನಾನು ತಿಲಕ ಇಡುವಾಗ ಕಣ್ಣು ಮುಚ್ಚಿ ನಗುತ್ತಿದ್ದನಲ್ಲ, ಆಗಲೂ ಗೊತ್ತಿತ್ತು, ನೂರು ವರ್ಷ ಬಾಳು ಎಂದು ಹರಸುವಾಗಲೂ ಗೊತ್ತಿತ್ತು, ಜೋರಾಗಿ ಒತ್ತೇ, ಬಣ್ಣ ಉದುರುತ್ತೆ ಅಂದಿದ್ದ, ಮುಹೂರ್ತ ಆಯಿತು ಎನ್ನುತ್ತಿದ್ದಾನೆ ರೇಡಿಯೊದವನು, ಖಗೇನ್ ಹಣೆ ಒಡ್ಡಿದ್ದಾನೆ, ಕೈ ಏಳುತ್ತಿಲ್ಲ, ಒಂದು ಗೇಣು ಬರಿ ನೆಲ, ಅದಕ್ಕೆ ಅಡ್ಡವಾಗಿ ಅಣ್ಣನ ಬೆನ್ನು, ಬೆವರಿಗೆ ಅಂಟಿದ ಅಂಗಿ, ಒಂದು ಗೇಣು ನೆಲ, ಅಣ್ಣನ ಬೆನ್ನು.