ಹೊಳಲ್ಕೆರೆಯ ಆರಾಮಕುರ್ಚಿ

ಮಣ್ಣು ಮಾಡಿದ ಆರನೆಯ ದಿನ ಬೆಳಗ್ಗೆ ನಲ್ಲಿಯಲ್ಲಿ ನೀರು ಬಂತು. ಚಿತ್ರದುರ್ಗದಲ್ಲಿ ನೀರು ಬಂದರೆ ಮನೆಯಲ್ಲಿ ಯಾರು ಸತ್ತಿದ್ದರೂ ಎದ್ದು ಹಿಡಿಯಬೇಕು. ನೆಂಟರೆಲ್ಲ ಹಿಂದಿನ ದಿನವೇ ಹೊರಟಿದ್ದರು. ಎರಡು ಡ್ರಮ್ಮು ತುಂಬಿಸಿದೆ. ಒಬ್ಬಳಿಗೆ ಒಂದೇ ಸಾಕಿತ್ತು.

ಹಾಲ್‌ನಲ್ಲಿ ಆರಾಮಕುರ್ಚಿ ಹಾಗೇ ಇತ್ತು. ನನ್ನ ಗಂಡ ರಾಜಶೇಖರ ಅದರಲ್ಲಿ ಇಪ್ಪತ್ತೆರಡು ದಿನ ಕಾಲು ಚಾಚಿ ಕೂತಿದ್ದ. ಕೋಟೆಯ ಊರಿನಲ್ಲಿ ಹುಟ್ಟಿದವನು ಚಂದ್ರವಳ್ಳಿಯಲ್ಲಿ, ಚಿಕ್ಕ ಮಕ್ಕಳೂ ಹತ್ತುವ ಬಂಡೆಯಿಂದ, ಫೋಟೊಗೆ ನಗುತ್ತ ಜಾರಿ ಬಿದ್ದಿದ್ದ. ಫೋಟೊ ಚೆನ್ನಾಗಿಯೇ ಬಂದಿದೆ. ಅದಕ್ಕೇ ಹಾರ ಹಾಕಿದ್ದೇವೆ.

ಡಾಕ್ಟರು ಮುರಿದ ಕಾಲಿಗೆ ಅರ್ಧ ಪ್ಲಾಸ್ಟರ್ ಹಾಕಿ ಬ್ಯಾಂಡೇಜ್ ಸುತ್ತಿದ್ದರು. ಬೆರಳು ಆಡಿಸುತ್ತಿರಿ, ಮೀನಖಂಡದಲ್ಲಿ ನೋವು ಬಂದರೆ ತಕ್ಷಣ ಬನ್ನಿ ಎಂದು ಬರೆದೂ ಕೊಟ್ಟಿದ್ದರು. ನೋಡಲು ಬಂದವರೆಲ್ಲ ಕಾಲು ಅಲ್ಲಾಡಿಸಬೇಡ ಎಂದರು. ಡಾಕ್ಟರು ಒಬ್ಬರು, ನೋಡಲು ಬಂದವರು ಅರವತ್ತು ಜನ. ಬಹುಮತ ಗೆದ್ದಿತು. ಹೊಳಲ್ಕೆರೆಯಲ್ಲಿರುವ ಅವನ ದೊಡ್ಡಪ್ಪ ಗಂಗಾಧರಪ್ಪ ಈ ಕುರ್ಚಿಯನ್ನು ಎರವಲು ಕಳಿಸಿದ ಮೇಲಂತೂ ಏಳುವ ಅಗತ್ಯವೇ ಇಲ್ಲದಂತಾಯಿತು.

ಇಪ್ಪತ್ತೊಂದನೆಯ ದಿನ ಮೀನಖಂಡ ಹಿಡಿದಿದೆ ಎಂದ. ನಮ್ಮಲ್ಲಿ ಮೀನಖಂಡ ಹಿಡಿದರೆ ಹರಳೆಣ್ಣೆ ಬಿಸಿ ಮಾಡಿ ತಿಕ್ಕುತ್ತಾರೆ. ಬ್ಯಾಂಡೇಜ್ ಬಿಚ್ಚಿ ತಿಕ್ಕಿದವಳು ನಾನೇ. ನಾನು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ರಕ್ತ ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ದಾರಿಯನ್ನು ವರ್ಷವರ್ಷವೂ ಬಣ್ಣದ ಸೀಮೆಸುಣ್ಣದಲ್ಲಿ ಬರೆಯುತ್ತೇನೆ. ಮರುದಿನ ಅವನ ಕಾಲಿನಲ್ಲಿ ಹೆಪ್ಪುಗಟ್ಟಿದ್ದ ರಕ್ತ ಅದೇ ದಾರಿಯಲ್ಲಿ ಹೋಗಿ ಶ್ವಾಸಕೋಶದಲ್ಲಿ ಸಿಕ್ಕಿಕೊಂಡಿತು. ತಿಕ್ಕದಿದ್ದರೂ ಹೋಗುತ್ತಿತ್ತೇನೋ ಎಂದರು ಡಾಕ್ಟರು. ಒಳ್ಳೆಯವರು. ಬೇರೆ ಯಾರಿಗೂ ನಾನು ಹೇಳಿರಲಿಲ್ಲ.

ಒಂಬತ್ತಕ್ಕೆ ಗಂಗಾಧರಪ್ಪ ಫೋನ್ ಮಾಡಿದರು. ಐದು ನಿಮಿಷ ಸತ್ತವನ ಗುಣಗಾನ ಮಾಡಿ, ಆಮೇಲೆ ಕುರ್ಚಿ ಕೇಳಿದರು. ಅವರ ಹೆಂಡತಿ ಮರುಳಸಿದ್ದಮ್ಮ ಬಚ್ಚಲಲ್ಲಿ ಬಿದ್ದು ಕಾಲಿಗೆ ಅಂಥದೇ ಅರ್ಧ ಪ್ಲಾಸ್ಟರ್ ಹಾಕಿಸಿಕೊಂಡು ಎರಡು ವಾರವಾಗಿತ್ತು. ಮಲಗಿ ಮಲಗಿ ಬೆನ್ನು ನೋವಂತೆ. ನಾನು ಗೂಡ್ಸ್ ಆಟೋ ಮಾಡಿಕೊಂಡು ಕುರ್ಚಿ ಹೇರಿಸಿ ಹೊರಟೆ.

ಹೊಳಲ್ಕೆರೆಯ ಮನೆಯೊಳಗೆ ಹೋದಾಗ ಮರುಳಸಿದ್ದಮ್ಮನ ಬ್ಯಾಂಡೇಜ್ ಬಿಚ್ಚಿತ್ತು. ಮೀನಖಂಡ ಕೆಂಪಗೆ, ಇನ್ನೊಂದು ಕಾಲಿನ ಒಂದೂವರೆ ಪಟ್ಟು ಇತ್ತು. ಸೊಸೆ ಕಾವ್ಯ ಎಣ್ಣೆ ಬಟ್ಟಲು ಹಿಡಿದು ಕೂತಿದ್ದಳು. ನಿನ್ನೆಯಿಂದ ಹಿಡಿದುಕೊಂಡಿದೆಯಂತೆ.

ಮುಟ್ಟಬೇಡಿ, ಈಗಲೇ ಆಸ್ಪತ್ರೆಗೆ ಹೊರಡಿ ಎಂದೆ. ಗಂಗಾಧರಪ್ಪ ನನ್ನನ್ನು ಕನಿಕರದಿಂದ ನೋಡಿ, ಮೊದಲು ಮಂಡಕ್ಕಿ ತಿನ್ನಲು ಹೇಳಿದರು. ಮರುಳಸಿದ್ದಮ್ಮನಿಗೆ ಅಷ್ಟು ಕನಿಕರವಿರಲಿಲ್ಲ.

"ಏನವ್ವಾ, ಕುರ್ಚಿ ಜೊತಿಗೆ ಯಮನ್ನೂ ಹೇರ್ಕಂಡು ಬಂದೀಯೇನು?"

ಕಾವ್ಯ ಎಣ್ಣೆಗೆ ಬೆರಳು ಅದ್ದಿದಳು.

"ರಾಜಶೇಖರನ ಕಾಲು ತಿಕ್ಕಿದ್ದು ನಾನೇ ದೊಡ್ಡಮ್ಮ," ಎಂದೆ. "ಹಿಂಗೇ ಊದಿತ್ತು. ಇದೇ ಎಣ್ಣೆ. ಬೆಳಗಾದ್ಮೇಲೆ ಸತ್ತೋದ."

ಕಾವ್ಯ ಬಟ್ಟಲು ಕೆಳಗಿಟ್ಟಳು. ಸಂಜೆಯೊಳಗೆ ಹೊಸದುರ್ಗದ ಬೀಗರ ತನಕ ಸುದ್ದಿ ಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಹೋಗಲಿ.

ಮರುಳಸಿದ್ದಮ್ಮ ಆಂಬುಲೆನ್ಸ್ ಬೇಡವೇ ಬೇಡ ಎಂದರು.

"ಅದು ಬಾಗ್ಲಿಗೆ ಬಂದ್ರೆ ಓಣ್ಯಾಗಿನ ಜನ ಹೂವಿನ ಹಾರ ತರ್ತಾರೆ."

ಹಾಗಾಗಿ ಗೂಡ್ಸ್ ಆಟೋದಲ್ಲಿ ಕುರ್ಚಿಯನ್ನು ಹಗ್ಗದಿಂದ ಬಿಗಿದು, ನಾಲ್ಕು ಜನ ಎತ್ತಿ ಅವರನ್ನು ಅದರಲ್ಲಿ ಕೂರಿಸಿದೆವು. ಆಟೋ ಮೆಲ್ಲಗೆ ಹೊರಟಿತು. ಪೇಟೆಯಲ್ಲಿ ಇಬ್ಬರು ಕೈಮುಗಿದರು. ಮರುಳಸಿದ್ದಮ್ಮ ಗಂಭೀರವಾಗಿ ಆಶೀರ್ವಾದ ಮಾಡಿದರು.

ಊರಿನ ಆಸ್ಪತ್ರೆಯಲ್ಲಿ ಕಾಲು ನೋಡಿದ ತಕ್ಷಣ ದಾಖಲು ಮಾಡಿಕೊಂಡು, ರಕ್ತ ಹೆಪ್ಪುಗಟ್ಟದಂತೆ ಇಂಜೆಕ್ಷನ್ ಕೊಟ್ಟರು. ಸ್ಕ್ಯಾನ್‌ನಲ್ಲಿ ಹೆಪ್ಪು ತೊಡೆಯವರೆಗೂ ಕಂಡಿತು. ಸಂಜೆ ಗಂಗಾಧರಪ್ಪ ಹೊರಗೆ ಬಂದು ನನ್ನ ಪಕ್ಕ ನಿಂತರು.

"ಇವ್ಳು ಉಳೀತಾಳಂತೆ," ಎಂದರು. ಆಮೇಲೆ, "ನಿಂಗೆ ಗೊತ್ತಿರ್ಲಿಲ್ಲ ಬಿಡಮ್ಮ."

"ಗೊತ್ತಿರಬೇಕಿತ್ತು."

ಅವರು ಇಲ್ಲ ಎನ್ನಲಿಲ್ಲ. ಅದು ನನಗೆ ಹಿಡಿಸಿತು.

ಕುರ್ಚಿ ನೀನೇ ಇಟ್ಟುಕೋ, ನಮಗೆ ಬೇಡ ಎಂದರು. ನನಗೂ ಬೇಡ ಎಂದೆ. ಆಟೋದವನ ಜೊತೆ ಹೋಗಿ ಅದನ್ನು ಅವರ ಜಗಲಿಯ ಮೇಲೆ ಇಳಿಸಿ, ಬಸ್‌ಸ್ಟ್ಯಾಂಡಿಗೆ ನಡೆದೆ.