ನುಣ್ಣನೆ ಡಬ್ಬಿ

ಬೀಗ ತೆಗೆಯುವ ಮೊದಲೇ ಒಳಗಿನಿಂದ ಸದ್ದು ಕೇಳಿಸಿತು. ಪರ್ ಪರ್ ಎಂದು, ಯಾರೋ ಉಗುರಿನ ತುದಿಯಿಂದ ಕಾಗದ ಕೆರೆದ ಹಾಗೆ. ಹುಳದಕ್ಕನ ಕೈ ಬೀಗದ ಮೇಲೆ ಹಾಗೇ ನಿಂತಿತು. ಒಬ್ಬಳೇ ಇರುವ ಕೋಣೆ. ಬೆಳಗ್ಗೆ ಹೇಗೆ ಬಿಟ್ಟು ಹೋಗಿದ್ದಳೋ ಸಂಜೆ ಬರುವಾಗ ಹಾಗೇ ಇರುತ್ತಿತ್ತು. ಮೂರು ವರ್ಷದಲ್ಲಿ ಒಂದು ಲೋಟ ಕೂಡ ತಾನಾಗಿ ಜಾಗ ಬದಲಿಸಿದ್ದಿಲ್ಲ. ಅಲ್ಲಿ ಸದ್ದು ಮಾಡುವುದಕ್ಕೆ ಯಾರಿದ್ದಾರೆ? ಆಮೇಲೆ ಹೊಳೆಯಿತು. ಹೊಳೆದದ್ದೇ ತಡ, ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನುಗ್ಗಿದಳು.

ಮೇಜಿನ ಮೇಲಿದ್ದ ಗಾಜಿನಂಥ ಪ್ಲಾಸ್ಟಿಕ್ ಡಬ್ಬಿಯಲ್ಲಿ ಪತಂಗ ಹೊರಗೆ ಬಂದಿತ್ತು. ಹತ್ತು ತಿಂಗಳು ಗೂಡಿನೊಳಗೆ ಕಲ್ಲಿನಂತೆ ಕೂತಿದ್ದ ಪತಂಗ. ಅಂಗೈ ಅಗಲಕ್ಕೆ ಬಿಚ್ಚಿಕೊಳ್ಳಬೇಕಾಗಿದ್ದ ರೆಕ್ಕೆಗಳು, ಒದ್ದೆ ಕರವಸ್ತ್ರವನ್ನು ಹಿಂಡಿ ಕೊಡವದೆ ಒಣಗಲು ಬಿಟ್ಟಂತೆ, ಮುದುಡಿ ಗಟ್ಟಿಯಾಗಿಬಿಟ್ಟಿದ್ದವು. ಅದು ಡಬ್ಬಿಯ ಗೋಡೆಗೆ ಆರೂ ಕಾಲು ಊರಿ ಎರಡು ಬೆರಳು ಮೇಲೇರುತ್ತಿತ್ತು, ಜಾರಿ ಅಂಗಾತ ಬೀಳುತ್ತಿತ್ತು, ಹೊರಳಿ ಎದ್ದು ಮತ್ತೆ ಹತ್ತುತ್ತಿತ್ತು. ಬೆಳಗ್ಗೆಯಿಂದ ಇದೇ ಕೆಲಸ ನಡೆದಿರಬೇಕು. ಒಳಗೋಡೆಯ ತುಂಬ ಕಂದು ಪುಡಿಯ ಗೀರುಗಳಿದ್ದವು.

"ಅಯ್ಯೋ, ನನ್ನ ಬುದ್ಧಿಗೆ ಬೆಂಕಿ ಹಾಕ!" ಎಂದಳು ಹುಳದಕ್ಕ.

ಗೂಡು ಬಿಟ್ಟು ಬಂದ ಪತಂಗಕ್ಕೆ ಮೊದಲ ಒಂದು ಗಂಟೆಯಲ್ಲೇ ಎಲ್ಲ ತೀರ್ಮಾನವಾಗಿಬಿಡುತ್ತದೆ. ಒರಟಾದ ಏನನ್ನಾದರೂ ಹಿಡಿದು ಮೇಲೇರಿ, ಜೋತುಬಿದ್ದು, ಹಸಿ ರೆಕ್ಕೆಗಳನ್ನು ಕೆಳಕ್ಕೆ ಇಳಿಬಿಡಬೇಕು. ಹಿಡಿತ ಸಿಗದಿದ್ದರೆ ಮುದುಡಿದ್ದು ಮುದುಡಿದ ಹಾಗೇ ಒಣಗಿಹೋಗುತ್ತದೆ. ಇದು ಗೊತ್ತಿಲ್ಲದವಳೇನಲ್ಲ ಅವಳು. ಹುಳ ಸಾಕುವವರ ಫೋನ್ ಗುಂಪಿಗೆ ಹೊಸಬರು ಸೇರಿದಾಗಲೆಲ್ಲ, "ಡಬ್ಬಿಯೊಳಗೆ ಒಂದು ಕಡ್ಡಿ ಇಡಿ, ಇಲ್ಲಾಂದ್ರೆ ಗೋಣಿ ತುಂಡು. ಮರೀಬೇಡಿ," ಎಂದು ಬರೆಯುತ್ತಿದ್ದವಳೇ ಅವಳು.

ಗೂಡು ಇಷ್ಟು ದಿನ ಹಳೇ ರಟ್ಟಿನ ಪೆಟ್ಟಿಗೆಯಲ್ಲಿ, ಹುಳ ಅದನ್ನು ಹೆಣೆದುಕೊಂಡ ಕಡ್ಡಿಯ ಮೇಲೇ ಇತ್ತು. ಪೆಟ್ಟಿಗೆಯ ಒಂದು ಮೂಲೆ ಹರಿದು, ಅಂಟುಪಟ್ಟಿ ಕಪ್ಪಾಗಿ, ನೋಡಲು ಅಸಹ್ಯವಾಗಿತ್ತು. ಭಾನುವಾರ ಟೀಚರ್ ಬರುತ್ತಾರಲ್ಲ ಎಂದು ನಿನ್ನೆಯಷ್ಟೇ ಅದನ್ನು ಎಸೆದು, ಕಡ್ಡಿಯಿಂದ ಗೂಡನ್ನು ಬಿಡಿಸಿ, ಕೆಲಸದ ಜಾಗದಿಂದ ತಂದ ಹೊಸ ಡಬ್ಬಿಯಲ್ಲಿ ಹತ್ತಿಯ ಮೇಲೆ ಮಲಗಿಸಿದ್ದಳು. ಒಡವೆ ಅಂಗಡಿಯಲ್ಲಿ ಉಂಗುರ ಇಟ್ಟ ಹಾಗೆ ಕಾಣುತ್ತದೆ ಎಂದು ಹಿಗ್ಗಿದ್ದಳು ಕೂಡ. ಮನೆಗೆ ಯಾರಾದರೂ ಬರುತ್ತಾರೆಂದರೆ ಮನುಷ್ಯರಿಗೆ ತಲೆ ಕೆಡುತ್ತದೆ. ಯಾರೂ ಬಾರದ ಮನೆಯವರಿಗೆ ಇನ್ನೂ ಸ್ವಲ್ಪ ಜಾಸ್ತಿಯೇ ಕೆಡುತ್ತದೆ.

ಟೀಚರನ್ನು ಅವಳು ಕಣ್ಣಾರೆ ಕಂಡವಳಲ್ಲ. ಬಸ್ಸಿನಲ್ಲಿ ಐದು ಗಂಟೆ ದೂರದ ಊರಲ್ಲಿ ಮಕ್ಕಳಿಗೆ ಪಾಠ ಹೇಳಿ ನಿವೃತ್ತರಾದವರು, ಒಂಟಿ ಜೀವ. ಗುಂಪಿನಲ್ಲಿ ಯಾರು ಯಾವ ಹುಳದ ಫೋಟೋ ಹಾಕಿದರೂ ಹೆಸರು ಹೇಳುವವರು ಅವರೇ. ಆರು ವರ್ಷಗಳಿಂದ ಹುಳದಕ್ಕ ದಿನಾ ಒಂದಾದರೂ ಫೋಟೋ ಕಳಿಸುತ್ತಿದ್ದಳು. ಯಾವ ಎಲೆ, ಎಷ್ಟನೇ ಪೊರೆ, ಎಷ್ಟು ಉದ್ದ ಎಲ್ಲ ಬರೆದು. ದಿನಾ ಉತ್ತರ ಬರುತ್ತಿತ್ತು. ಈ ಒಂದಕ್ಕೆ ಮಾತ್ರ ಟೀಚರಿಗೂ ಉತ್ತರ ಸಿಕ್ಕಿರಲಿಲ್ಲ. ಹಸಿರು ಮೈ, ಬೆನ್ನಿನ ಮೇಲೆ ಸಾಸಿವೆ ಕಾಳಿನಷ್ಟು ನೀಲಿ ಗಂಟುಗಳು, ಒಂದೊಂದು ಗಂಟಿಗೂ ಒಂದು ಬಿಳಿ ಕೂದಲು.

"ಎರಡು ಜಾತಿಯಲ್ಲಿ ಒಂದು ಮಗೂ," ಎಂದಿದ್ದರು. "ತೊಟ್ಟಿಲಲ್ಲಿರೋ ಕೂಸು ನೋಡಿ ಅಪ್ಪನ ಹಾಗಿದೆ, ಮಾವನ ಹಾಗಿದೆ ಅಂತ ಜಗಳ ಆಡ್ತಾರಲ್ಲ, ಹಾಗಾಗುತ್ತೆ. ರೆಕ್ಕೆ ಬರಲಿ. ರೆಕ್ಕೆ ಮೇಲೊಂದು ಕಣ್ಣಿರುತ್ತೆ, ಅದರ ಸುತ್ತ ಎಷ್ಟು ಗೆರೆ ಅಂತ ಎಣಿಸಿದರೆ ಮುಗೀತು."

ಹುಳ ಸಿಕ್ಕ ಮರವನ್ನು ಆಮೇಲೆ ರಸ್ತೆ ಅಗಲಿಸುವವರು ಕಡಿದರು. ಅದನ್ನು ಹೇಳಿದಾಗ ಟೀಚರ್, "ಹಾಗಾದ್ರೆ ನಿಮ್ಮೂರಲ್ಲಿ ಅದೇ ಕೊನೇದೇನೋ. ಜೋಪಾನ," ಎಂದರು.

ಈಗ ಅವರ ಕಣ್ಣು ಮಂಜಾಗುತ್ತಿತ್ತು. ಫೋಟೋ ಕಾಣುವುದಿಲ್ಲ, ಕೈಯಲ್ಲಿ ಹಿಡಿದದ್ದು ಮಾತ್ರ ಕಾಣುತ್ತದೆ. ತಮ್ಮನ ಮನೆಗೆ ಹೋಗಿ ಅಲ್ಲೇ ಇದ್ದುಬಿಡುವುದೆಂದು ತೀರ್ಮಾನಿಸಿದ್ದರು. ಗುಂಪಿನವರಿಗೆ ಸಿಕ್ಕ ಹುಳಗಳ ಹೆಸರನ್ನೆಲ್ಲ ಒಂದು ಪುಸ್ತಕದಲ್ಲಿ ಪಟ್ಟಿ ಮಾಡುತ್ತಿದ್ದ ಅವರ ಕೆಲಸ ಅಲ್ಲಿಗೆ ಮುಗಿಯಿತು. "ಬಸ್ಸು ನಿಮ್ಮೂರ ಮೇಲೇ ಹೋಗುತ್ತಂತೆ. ಭಾನುವಾರ ಇಳಿದು ನಿನ್ನ ಅತಿಥೀನ ನೋಡ್ಕೊಂಡೇ ಹೋಗ್ತೀನಿ. ಆ ಒಂದು ಸಾಲು ಖಾಲಿ ಬಿಟ್ಟು ಪುಸ್ತಕ ಮುಚ್ಚೋಕೆ ಮನಸ್ಸಿಲ್ಲ," ಎಂದಿದ್ದರು.

ಹುಳದಕ್ಕ ಪತಂಗವನ್ನು ಬೆರಳ ಮೇಲೆ ಹತ್ತಿಸಿಕೊಂಡಳು. ಹೆಣ್ಣು, ಹೊಟ್ಟೆ ದಪ್ಪಗಿತ್ತು. ಮುದುಡಿದ ರೆಕ್ಕೆಯಲ್ಲಿ ಕಣ್ಣೂ ಇಲ್ಲ, ಗೆರೆಯೂ ಇಲ್ಲ, ಕಂದು ನೆರಿಗೆ ಮಾತ್ರ. ಕಿಟಕಿಯ ಸೊಳ್ಳೆ ಜಾಲರಿಗೆ ತಾಗಿಸಿದಾಗ ಉಗುರುಗಳಿಂದ ಗಟ್ಟಿಯಾಗಿ ಕಚ್ಚಿಕೊಂಡಿತು, ಅಂತೂ ಹಿಡಿಯಲು ಏನೋ ಸಿಕ್ಕಿತಲ್ಲ ಎಂಬಂತೆ.

ಅವಳು ಫೋನ್ ಮಾಡಿದಳು. ನಿಜ ಹೇಳುವ ಉದ್ದೇಶವೇ ಇತ್ತು. ಆದರೆ "ಏನಮ್ಮ, ಬಂತಾ?" ಎಂದು ಆ ಕಡೆಯಿಂದ ಕೇಳಿದ ದನಿಯಲ್ಲಿ ಎಷ್ಟು ಆಸೆ ಇತ್ತೆಂದರೆ, ನಾಲಿಗೆ ಬೇರೆ ದಾರಿ ಹಿಡಿಯಿತು.

"ಇಲ್ಲ ಟೀಚರ್. ಗೂಡಲ್ಲೇ ಒಣಗಿಹೋಗಿದೆ."

"ಹೌದಾ... ಹೋಗಲಿ ಬಿಡು. ನೀನೇನು ಮಾಡ್ತೀಯ. ಹಾಗಾದ್ರೆ ನಾನು ಇಳಿಯೋದು ಬೇಡ ಅಲ್ವಾ? ಗಂಟು ಮೂಟೆ ಬೇರೆ ಇದೆ."

ಆ "ಅಲ್ವಾ" ಎಂಬುದು ಒಂದು ಕ್ಷಣ ತೂಗಾಡಿತು. ಆದರೂ ಬನ್ನಿ ಎಂದಿದ್ದರೆ ಬರುತ್ತಿದ್ದರೇನೋ. ತೋರಿಸಲು ಒಂದು ಪತಂಗವೂ ಇಲ್ಲದೆ ಬರೀ ತನ್ನನ್ನು ನೋಡಲು ಬನ್ನಿ ಎಂದು ಹೇಗೆ ಕರೆಯುವುದು? "ಹೂಂ ಟೀಚರ್, ಹುಷಾರಾಗಿ ಹೋಗಿ," ಎಂದಳು.

ಮಾರನೇ ದಿನ, ಶನಿವಾರ, ಲ್ಯಾಬಿನಲ್ಲಿ ಅವಸರದ ಕೆಲಸವಿತ್ತು. ಹುಳದಕ್ಕನ ಉದ್ಯೋಗ ಹಲ್ಲಿನ ಸೆಟ್ಟು ಮಾಡುವುದು. ವೈದ್ಯರು ಅಚ್ಚು ಕಳಿಸುತ್ತಾರೆ, ಇವಳು ಮೇಣದಲ್ಲಿ ವಸಡು ತಿದ್ದಿ ಹಲ್ಲು ಜೋಡಿಸುತ್ತಾಳೆ. ಹದಿನಾಲ್ಕು ವರ್ಷದಲ್ಲಿ ಎಷ್ಟು ಜನರ ನಗುವನ್ನು ಮಾಡಿದ್ದಾಳೋ ಲೆಕ್ಕವಿಲ್ಲ. ನಕ್ಕವರ ಮುಖ ಒಂದೂ ನೋಡಿಲ್ಲ. ಇವತ್ತಿನದು ಒಬ್ಬ ವಕೀಲರದ್ದು.

"ಸೋಮವಾರ ಅವರ ವಾದ ಇದೆಯಂತೆ," ಎಂದರು ಲ್ಯಾಬಿನ ಯಜಮಾನರು. "ಹಲ್ಲಿಲ್ಲದೆ 'ಸ್ವಾಮಿ' ಅಂದ್ರೆ 'ಫ್ವಾಮಿ' ಅಂತ ಬರುತ್ತಂತೆ. ಕೇಸು ಬಿದ್ದುಹೋದ್ರೆ ನಿನ್ನ ತಲೆಗೇ ಬರೋದು, ನೋಡು." ಅವಳು ನಗಲಿಲ್ಲ. ಯಜಮಾನರು ಕನ್ನಡಕ ಮೇಲೇರಿಸಿದರು. "ಏನು ಹುಳದಕ್ಕ, ಮುಖ ಒಣಗಿದೆ? ನಿನ್ನ ರಾಣಿ ಎದ್ದಳಾ?"

"ಎದ್ದಳು. ರೆಕ್ಕೆ ಸರಿಯಾಗಿಲ್ಲ."

"ಏನಾದ್ರೂ ತಿನ್ನಿಸು, ಸರಿಹೋಗುತ್ತೆ."

"ಅದಕ್ಕೆ ಬಾಯಿಲ್ಲ ಸಾರ್. ಹುಳ ಆಗಿದ್ದಾಗ ತಿಂದಿದ್ದೇ ಊಟ. ಇನ್ನು ಒಂದು ವಾರ ಇರುತ್ತೆ, ಅಷ್ಟೇ."

"ಬಾಯೇ ಇಲ್ವಾ!" ಯಜಮಾನರಿಗೆ ನಿಜವಾಗಿಯೂ ಸಂಕಟವಾಯಿತು. "ಎಲ್ಲರೂ ಹಾಗಾದ್ರೆ ನಮ್ಮ ಅಂಗಡಿ ಮುಚ್ಚಬೇಕಾಗುತ್ತಲ್ಲೇ!"

ಸಂಜೆ ಮನೆಗೆ ಬಂದಾಗ ಪತಂಗ ಜಾಲರಿಯ ಮೇಲೆ ಇಟ್ಟಲ್ಲೇ ಇತ್ತು. ಹೊಟ್ಟೆಯ ತುದಿ ಮೆಲ್ಲಗೆ ಹೊರಚಾಚಿ ಒಳಗೆ ಸರಿಯುತ್ತಿತ್ತು, ಉಸಿರಾಡಿದ ಹಾಗೆ. ಹೆಣ್ಣು ಪತಂಗ ಗಂಡನ್ನು ಕರೆಯುವ ರೀತಿ ಅದು. ನಮ್ಮ ಮೂಗಿಗೆ ತಿಳಿಯದ ಒಂದು ವಾಸನೆಯನ್ನು ಗಾಳಿಗೆ ಬಿಟ್ಟು ಕೂತಿರುತ್ತದೆ.

"ಯಾರನ್ನ ಕರೀತೀಯೇ?" ಎಂದಳು ಹುಳದಕ್ಕ. "ಯಾರೂ ಇಲ್ಲ ಇಲ್ಲಿ." ಖಾಲಿ ಕೋಣೆಯಲ್ಲಿ ತನ್ನ ದನಿ ತನಗೇ ಕೇಳಿಸಿ, ಬೇಗ ಎದ್ದು ಸ್ಟೌ ಹಚ್ಚಿದಳು.

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಕಿಟಕಿಗೆ ಏನೋ ಬಡಿಯಿತು. ಮತ್ತೆ ಬಡಿಯಿತು. ಅವಳು ಹೊದಿಕೆ ಸರಿಸಿ ಎದ್ದು ಕೂತಳು. ಜಾಲರಿಯ ಆಚೆ, ಮುದುಡಿದ ಹೆಣ್ಣಿಗೆ ಎದುರಾಗಿ, ಎರಡು ದೊಡ್ಡ ಗಂಡು ಪತಂಗಗಳು ರೆಕ್ಕೆ ಬಡಿಯುತ್ತಿದ್ದವು. ಹಣ್ಣೆಲೆಯ ಬಣ್ಣ, ಹಕ್ಕಿಯ ಗರಿಯಂಥ ಮೀಸೆ. ಎಲ್ಲಿದ್ದವೋ, ಯಾವ ಮರದಲ್ಲಿ ಬೆಳೆದವೋ, ಎಷ್ಟು ದೂರದಿಂದ ಗಾಳಿಯ ಎಳೆ ಹಿಡಿದುಕೊಂಡು ಬಂದವೋ!

ಅಜ್ಜಿ ಹೇಳಿದ ಕಥೆಯಲ್ಲಾದರೆ ಇಲ್ಲಿಗೆ ರಾಜಕುಮಾರಿಯ ಶಾಪ ಕಳೆಯಬೇಕು. ಹೆಣ್ಣಿನ ರೆಕ್ಕೆ ಮುದುಡಿದ ಹಾಗೇ ಇತ್ತು. ಹುಳದಕ್ಕ ಜಾಲರಿಯ ಚಿಲಕ ತೆಗೆದು ಒಂದು ಗೇಣು ಸಂದು ಮಾಡಿದಳು. ಒಂದು ಗಂಡು ಒಳಗೆ ಬಂದಿತು. ಸ್ವಲ್ಪ ಹೊತ್ತು ಗಲಾಟೆ. ಆಮೇಲೆ ಎರಡೂ ಒಂದನ್ನೊಂದು ಕೂಡಿಕೊಂಡು, ಜಾಲರಿಯ ಮೇಲೆ ಅಲುಗದೆ ನಿಂತವು. ಗಂಡಿನ ರೆಕ್ಕೆ ಪೂರ್ತಿ ಬಿಚ್ಚಿತ್ತು. ರೆಕ್ಕೆಯ ಮೇಲೆ ಕಣ್ಣು, ಕಣ್ಣಿನ ಸುತ್ತ ಗೆರೆ. ಅವಳು ಎಣಿಸಿದಳು. ಇನ್ನೊಮ್ಮೆ ಎಣಿಸಿದಳು.

ಫೋನಿನ ಆ ಕಡೆ ಬಸ್ಸಿನ ಸದ್ದಿತ್ತು. "ಇಷ್ಟು ಬೆಳಗ್ಗೆ ಏನಮ್ಮ?"

"ಟೀಚರ್, ನಾನು ಮೊನ್ನೆ ಸುಳ್ಳು ಹೇಳಿದೆ. ಅದು ಸತ್ತಿರಲಿಲ್ಲ. ನುಣ್ಣನೆ ಡಬ್ಬಿಯಲ್ಲಿಟ್ಟು ನಾನೇ ರೆಕ್ಕೆ ಹಾಳು ಮಾಡಿದೆ. ನಾಚಿಕೆ ಆಯ್ತು."

"ಗೊತ್ತು," ಎಂದರು ಟೀಚರ್.

"ಗೊತ್ತಾ?"

"ಸತ್ತ ಇರುವೆ ಸಿಕ್ಕಿದ್ರೂ ಆರು ಫೋಟೋ ಕಳಿಸೋಳು ನೀನು. ಒಣಗಿದ ಗೂಡಿಂದು ಒಂದೂ ಬರಲಿಲ್ಲ. ನಾನು ಬರೋದು ನಿಂಗೆ ಇಷ್ಟ ಇಲ್ಲವೇನೋ ಅಂದ್ಕೊಂಡೆ."

ಹುಳದಕ್ಕ ಗಂಡುಗಳು ಬಂದದ್ದನ್ನು ಹೇಳಿದಳು. ತುಂಡು ತುಂಡಾಗಿ, ಹಿಂದುಮುಂದಾಗಿ. ಟೀಚರ್ "ಅಯ್ಯಯ್ಯೋ" ಎಂದು ಕೂಗಿದ್ದಕ್ಕೆ ಬಸ್ಸಿನಲ್ಲಿ ಯಾರೋ ಏನಾಯಿತೆಂದು ಕೇಳಿದ್ದೂ ಕಿವಿಗೆ ಬಿತ್ತು.

"ಗೆರೆ ಎಷ್ಟು ಮಗೂ? ಎರಡೋ, ಮೂರೋ? ಅದೊಂದು ಹೇಳಿಬಿಡು. ಈಗಲೇ ಹೆಸರು ಹೇಳ್ತೀನಿ."

ಹತ್ತು ತಿಂಗಳಿಂದ ಅವಳು ಕಾದಿದ್ದ ಹೆಸರು. ನಾಲಿಗೆಯ ತುದಿಯಲ್ಲಿ ಲೆಕ್ಕ ಸಿದ್ಧವಾಗಿತ್ತು. ಅವಳು ಪತಂಗದ ಕಡೆ ನೋಡಿದಳು.

"ಸರಿಯಾಗಿ ಕಾಣಿಸ್ತಿಲ್ಲ ಟೀಚರ್," ಎಂದಳು. "ನೀವೇ ಬಂದು ನೋಡಬೇಕು."

"ನಾನು ಬರೋ ತನಕ ಇರ್ತಾವಾ?"

"ಸಂಜೆ ತನಕ ಬಿಟ್ಟು ಕದಲಲ್ಲ ಅಂತ ನೀವೇ ಬರೆದಿದ್ರಲ್ಲ."

"ಬರೆದಿದ್ದೆ, ಬರೆದಿದ್ದೆ." ಆಮೇಲೆ ಫೋನಿನಿಂದ ದೂರ ಸರಿದ ದನಿ, ಪಾಠ ಹೇಳುವವರ ಗಟ್ಟಿ ದನಿ: "ರೀ ಕಂಡಕ್ಟರ್ರೇ, ನನ್ನ ಟಿಕೆಟ್ ಕೊನೇ ಸ್ಟಾಪಿಗಿದೆ, ನಾನು ಮಧ್ಯದಲ್ಲೇ ಇಳೀತೀನಿ. ಡಿಕ್ಕಿಯಲ್ಲಿ ಎರಡು ಮೂಟೆ ಇದೆ, ನೆನಪಿರಲಿ."

ಹುಳದಕ್ಕ ಫೋನ್ ಇಟ್ಟು, ಕುರ್ಚಿಯ ಮೇಲೆ ಪೇರಿಸಿದ್ದ ಬಟ್ಟೆಯನ್ನು ಮಂಚಕ್ಕೆ ಸಾಗಿಸಿದಳು. ಮನೆಯಲ್ಲಿ ಇದ್ದದ್ದು ಎರಡೇ ಲೋಟ. ಒಂದರಲ್ಲಿ ಹುಳ ಎತ್ತುವ ಸಣ್ಣ ಕುಂಚಗಳನ್ನು ನಿಲ್ಲಿಸಿ ಮೂರು ವರ್ಷವಾಗಿತ್ತು. ಕುಂಚಗಳನ್ನು ತೆಗೆದು ಮೇಜಿನ ಮೇಲಿಟ್ಟಳು. ಲೋಟವನ್ನು ಉಜ್ಜಿ, ತೊಳೆದು, ಮೂಸಿ ನೋಡಿ, ಮತ್ತೆ ತೊಳೆದು, ಇನ್ನೊಂದರ ಪಕ್ಕ ಬೋರಲು ಹಾಕಿದಳು. ಅದರ ಅಂಚಿನಿಂದ ನೀರು ಕಲ್ಲಿನ ಮೇಲೆ ಇಳಿದು, ಮೆಲ್ಲಗೆ ಒಂದು ದುಂಡು ಗೆರೆಯಾಯಿತು.